ಬಿರುಗಾಳಿಯಿಂದ ಮನೆಯ ಮಾಡಿಗೆ ಆಗುವ ಹಾನಿಯೂ, ವಿಮೆಯ ಹಣವನ್ನು ಪಡೆಯುವ ಕ್ರಮವೂ

ಅಶ್ವಿನಿ ಮಳೆಯಿಂದ ರೋಹಿಣಿ ಮಳೆಯ ವರೆಗೆ, ಎಂದರೆ ಏಪ್ರಿಲ್ ತಿಂಗಳ ನಡುವಿನಿಂದ ಜೂನ್ ತಿಂಗಳ ಮೊದಲ ವಾರದ ತನಕ, ನಮ್ಮ ಸೀಮೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಡನೆ ಬಿರುಗಾಳಿ ಏಳುವುದು ರೈತರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ಈ ಮಳೆಯು ಉಳುಮೆಗೆ ಹದವನ್ನು ಕೊಡುವುದು. ಆದರೆ ಅದರ ಮುಂದಾಗಿ ಬರುವ ಗಾಳಿಯು ಅರ್ಧ ಗಳಿಗೆಯೊಳಗೆ ಮನೆಯ ಹೆಂಚನ್ನೂ ಕೊಟ್ಟಿಗೆಯ ತಗಡನ್ನೂ ಕಿತ್ತು ಬಿಸುಡುವುದುಂಟು. ಕರಾವಳಿಯಲ್ಲಿ ಇದಲ್ಲದೆ ಚಂಡಮಾರುತದ ಭಯವೂ ಇದೆ. 2021ನೆಯ ಮೇ ತಿಂಗಳಲ್ಲಿ ಅರಬ್ಬೀ ಸಮುದ್ರದಲ್ಲಿ ಎದ್ದ ತೌಕ್ತೆ ಎಂಬ ಚಂಡಮಾರುತವು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ತೀರಪ್ರದೇಶಕ್ಕೆ ಹಾನಿ ಮಾಡಿತು.

ಗಾಳಿಯನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಆದರೆ ಗಾಳಿ ನಿಂತ ಮೇಲಿನ ಎರಡು ಮೂರು ದಿನಗಳಲ್ಲಿ ಗೃಹಸ್ಥನು ಮಾಡುವ ಅಥವಾ ಮಾಡದೆ ಬಿಡುವ ಕೆಲಸಗಳ ಮೇಲೆ ಅವನ ನಷ್ಟವು ಎಷ್ಟರ ಮಟ್ಟಿಗೆ ತುಂಬಿ ಬರುವುದೆಂಬುದು ನಿಂತಿದೆ. ವಿಮೆಯ ಕಂತನ್ನು ವರ್ಷವರ್ಷವೂ ತಪ್ಪದೆ ಕಟ್ಟಿದವನು, ಹಾನಿಯ ಗುರುತನ್ನೆಲ್ಲ ಗುಡಿಸಿಹಾಕಿ, ಹೊಸ ಹೆಂಚನ್ನು ಹೊದಿಸಿದ ತರುವಾಯ ಕಂಪೆನಿಗೆ ಬರೆದರೆ ತನ್ನ ಹಕ್ಕನ್ನು ತಾನೇ ದುರ್ಬಲಗೊಳಿಸಿಕೊಂಡಂತಾಗುವುದು. ಆದಕಾರಣ ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ಉಪಯೋಗವಾಗುವಂತೆ ಈ ವಿಷಯವನ್ನು ಕ್ರಮವಾಗಿ ಕೆಳಗೆ ವಿವರಿಸಿದೆ.

1. ಗಾಳಿಯು ಮಾಡನ್ನು ಕೀಳುವ ಬಗೆ

ಗಾಳಿಯು ಮಾಡನ್ನು ಮೇಲಿನಿಂದ ಅದುಮಿ ಮುರಿಯುವುದೆಂದು ಅನೇಕರು ಭಾವಿಸುವರು. ಬಹುಮಟ್ಟಿಗೆ ನಡೆಯುವುದು ಇದಕ್ಕೆ ವಿರುದ್ಧವಾದುದು. ರಭಸದ ಗಾಳಿಯು ಮಾಡಿನ ಮೇಲೆ ಹಾಯ್ದುಹೋಗುವಾಗ ಅಲ್ಲಿ ವಾಯುವಿನ ಒತ್ತಡವು ಕಡಮೆಯಾಗಿ ಹೊದಿಕೆಯು ಮೇಲಕ್ಕೆ ಸೆಳೆಯಲ್ಪಡುವುದು. ಅದೇ ಸಮಯದಲ್ಲಿ ಗಾಳಿಯ ಕಡೆಗಿರುವ ಬಾಗಿಲು ಕಿಟಕಿಗಳು ತೆರೆದಿದ್ದರೆ, ಒಳಕ್ಕೆ ನುಗ್ಗಿದ ಗಾಳಿಯು ಹೊದಿಕೆಯನ್ನು ಕೆಳಗಿನಿಂದ ಒತ್ತುವುದು. ಮೇಲಿನ ಸೆಳೆತವೂ ಒಳಗಿನ ಒತ್ತಡವೂ ಕೂಡಿದಾಗ ಮಾಡು ಎದ್ದುಹೋಗುವುದು. ಮೂರು ಕಡೆ ಗೋಡೆಯಿದ್ದು ಒಂದು ಕಡೆ ತೆರೆದಿರುವ ಕೊಟ್ಟಿಗೆಗಳು ಮೊದಲು ಹಾರುವುದಕ್ಕೆ ಇದೇ ಕಾರಣ.

ಗಾಳಿಯ ವೇಗವು ಎರಡರಷ್ಟಾದರೆ ಅದರ ಒತ್ತಡವು ನಾಲ್ಕರಷ್ಟಾಗುವುದೆಂಬುದನ್ನು ಮುಖ್ಯವಾಗಿ ತಿಳಿಯಬೇಕು. ಗಂಟೆಗೆ 36 ಕಿಲೋಮೀಟರು ವೇಗದ ಗಾಳಿಯ ಒತ್ತಡವು ಒಂದು ಚದರ ಮೀಟರಿಗೆ ಸುಮಾರು 6 ಕಿಲೋಗ್ರಾಂ ತೂಕಕ್ಕೆ ಸಮನಾಗಿರುವುದು. 72 ಕಿಲೋಮೀಟರಾದರೆ ಸುಮಾರು 24 ಕಿಲೋಗ್ರಾಂ. ಕಟ್ಟಡಗಳ ಮೇಲಿನ ಗಾಳಿಯ ಭಾರವನ್ನು ಕುರಿತ ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರು, ಮಂಗಳೂರಿಗೆ 39 ಮೀಟರು ಎಂದು ಮೂಲವೇಗವನ್ನು ಇಟ್ಟಿದೆ. 33 ಮೀಟರೆಂದರೆ ಗಂಟೆಗೆ ಸುಮಾರು 120 ಕಿಲೋಮೀಟರು; ಇದರ ಒತ್ತಡವು ಚದರ ಮೀಟರಿಗೆ ಸುಮಾರು 66 ಕಿಲೋಗ್ರಾಂ ಆಗುವುದು.

ಇದನ್ನು ಹೊದಿಕೆಯ ಸ್ವಂತ ತೂಕದೊಡನೆ ಹೋಲಿಸಿ ನೋಡಬೇಕು. ಸಾಮಾನ್ಯವಾದ ತೆಳು ತಗಡು ಚದರ ಮೀಟರಿಗೆ 5 ಕಿಲೋಗ್ರಾಂನ ಆಸುಪಾಸಿನಲ್ಲಿ ತೂಗುವುದು. ಮಂಗಳೂರು ಹೆಂಚು ಒಂದಕ್ಕೆ ಸುಮಾರು ಎರಡೂವರೆ ಕಿಲೋಗ್ರಾಂ ಇದ್ದು, ಚದರ ಮೀಟರಿಗೆ 15 ಹೆಂಚು ಹಿಡಿಯುವುದರಿಂದ, ಹೆಂಚಿನ ಹೊದಿಕೆಯ ತೂಕವು 37 ಕಿಲೋಗ್ರಾಂನಷ್ಟಾಗುವುದು. ತಗಡು ತನ್ನ ತೂಕದಿಂದ ನಿಲ್ಲುವುದಿಲ್ಲ, ಬೋಲ್ಟುಗಳ ಹಿಡಿತದಿಂದಲೇ ನಿಲ್ಲುವುದೆಂದು ಇದರಿಂದ ಸ್ಪಷ್ಟವಾಗುವುದು. ಹೆಂಚು ಮಧ್ಯಮ ಗಾಳಿಯನ್ನು ತನ್ನ ತೂಕದಿಂದ ತಡೆದುಕೊಂಡರೂ, ಸೆಳೆತವು ಅತಿಯಾಗಿರುವ ಸೂರಿನ ಅಂಚು, ಮೂಲೆ ಮತ್ತು ನೆತ್ತಿಯಲ್ಲಿ ಮೊದಲು ಸಡಿಲವಾಗುವುದು. ಒಂದು ಸಾಲು ಎದ್ದಿತೆಂದರೆ ಆ ಸಂದಿನಿಂದ ಗಾಳಿಯು ಒಳಹೊಕ್ಕು ಉಳಿದ ಸಾಲುಗಳನ್ನೂ ಎಬ್ಬಿಸುವುದು.

2. ಗಾಳಿ ನಿಂತ ಕೂಡಲೆ ಮಾಡತಕ್ಕ ಕೆಲಸ

ಮೊದಲನೆಯದು ಪ್ರಾಣರಕ್ಷಣೆ. ವಿದ್ಯುತ್ತಿನ ತಂತಿ ಹರಿದು ಬಿದ್ದಿದ್ದರೆ ಅದರ ಸಮೀಪಕ್ಕೆ ಯಾರೂ ಹೋಗಕೂಡದು, ದನಗಳನ್ನೂ ಹೋಗಗೊಡಕೂಡದು. ತಂತಿಯು ತಗಡಿನ ಮಾಡನ್ನಾಗಲಿ ಬೇಲಿಯ ತಂತಿಯನ್ನಾಗಲಿ ಮುಟ್ಟಿಕೊಂಡಿದ್ದರೆ ಅವನ್ನೂ ಮುಟ್ಟಬಾರದು. 1912ನೆಯ ಸಂಖ್ಯೆಗೆ ದೂರವಾಣಿ ಮಾಡಿ ವಿದ್ಯುತ್ ಕಂಪೆನಿಗೆ ತಿಳಿಸಬೇಕು. ಮನೆಯೊಳಗೆ ನೀರು ಸುರಿದಿದ್ದರೆ, ಒಣಗಿದ ಸ್ಥಳದಲ್ಲಿ ನಿಂತು ಮೈನ್ ಸ್ವಿಚ್ಚನ್ನು ಆರಿಸಲು ಸಾಧ್ಯವಾದರೆ ಮಾತ್ರ ಆರಿಸಬೇಕು. ಯಾರಿಗಾದರೂ ಪೆಟ್ಟಾಗಿದ್ದರೆ 112ಕ್ಕೆ ಕರೆಮಾಡಬೇಕು.

ಒದ್ದೆಯಾದ ಮಾಡನ್ನು ಅವಸರದಿಂದ ಹತ್ತುವುದು ಬಹು ಅಪಾಯಕರ. ಹೆಂಚು ಜಾರುವುದು; ಸಿಮೆಂಟು ಶೀಟು ಕಾಲಡಿಯಲ್ಲೇ ಒಡೆಯುವುದು; ಮೇಲೆ ಗಟ್ಟಿಯಾಗಿ ಕಾಣುವ ರೀಪು ಒಳಗೆ ಸೀಳಿರಬಹುದು. ಬಿರುಗಾಳಿಯಲ್ಲಿ ಉಳಿದವನು ಮರುದಿನ ಮಾಡಿನಿಂದ ಬಿದ್ದು ಸೊಂಟ ಮುರಿದುಕೊಂಡರೆ ಆ ನಷ್ಟವನ್ನು ಯಾವ ವಿಮೆಯೂ ತುಂಬಲಾರದು. ತೊಲೆ ಬಾಗಿದ್ದರೆ ಅಥವಾ ಗೋಡೆ ಬಿರುಕು ಬಿಟ್ಟಿದ್ದರೆ ಆ ಅಂಕಣದಲ್ಲಿ ಯಾರೂ ಮಲಗಬಾರದು. ದನಗಳನ್ನೂ ಬೇರೆಡೆಗೆ ಸಾಗಿಸಬೇಕು. ಹಳೆಯ ಸಿಮೆಂಟು ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು ಮಾಡುವುದು. ಅಂತಹ ಚೂರುಗಳನ್ನು ನೀರಿನಿಂದ ನೆನೆಸಿ, ಮೂಗು ಬಾಯಿಗಳನ್ನು ಮುಚ್ಚಿಕೊಂಡು ಎತ್ತಬೇಕು, ಒಣಗಿರುವಾಗ ಗುಡಿಸಬಾರದು.

3. ಹಾನಿಯನ್ನು ದಾಖಲೆ ಮಾಡುವುದು

ಯಾವ ಪದಾರ್ಥವನ್ನೂ ತೆಗೆಯುವುದಕ್ಕೆ ಮೊದಲು ಹಾನಿಯ ಚಿತ್ರಗಳನ್ನು ತೆಗೆದಿಡಬೇಕು. ಈಗ ಪ್ರತಿ ಊರಿನಲ್ಲಿಯೂ ಮೊಬೈಲ್ ಫೋನುಗಳಿರುವುದರಿಂದ ಇದು ಕಷ್ಟವಲ್ಲ. ಚಿತ್ರಗಳನ್ನು ಈ ಕ್ರಮದಲ್ಲಿ ತೆಗೆಯುವುದು ಮೇಲು:

ಮೊದಲು ಮನೆಯ ನಾಲ್ಕು ದಿಕ್ಕುಗಳಿಂದಲೂ ಇಡೀ ಮನೆ ಕಾಣುವಂತೆ ಒಂದೊಂದು ಚಿತ್ರ. ಬಳಿಕ ಮಾಡಿನ ಕಿತ್ತ ಭಾಗ, ಮುರಿದ ಪಕಾಸಿ ಮತ್ತು ರೀಪು, ಕಿತ್ತುಬಂದ ಬೋಲ್ಟು. ಆಮೇಲೆ ಒಳಗಿನಿಂದ ಆಕಾಶ ಕಾಣುವ ಜಾಗ, ನೀರು ಇಳಿದ ಗೋಡೆ, ನೆನೆದ ಸಾಮಾನು. ಮರ ಬಿದ್ದು ಮಾಡು ಮುರಿದಿದ್ದರೆ, ಮರವು ಬಿದ್ದ ಸ್ಥಿತಿಯಲ್ಲಿರುವಾಗಲೇ, ಅದನ್ನು ಕಡಿಯುವುದಕ್ಕೆ ಮುಂಚೆ ಒಂದು ಚಿತ್ರ. ಮನೆಯ ಸಂಖ್ಯೆಯ ಫಲಕವು ಒಂದು ಚಿತ್ರದಲ್ಲಾದರೂ ಕಾಣುತ್ತಿರಬೇಕು.

ಚಿತ್ರದ ಜೊತೆಗೆ ಒಂದು ಕಾಗದದ ಮೇಲೆ ತಾರೀಖು, ಗಾಳಿ ಎದ್ದ ವೇಳೆ, ಅದು ಬೀಸಿದ ದಿಕ್ಕು, ಆಲಿಕಲ್ಲು ಬಿದ್ದಿತೇ ಇಲ್ಲವೇ ಎಂಬುದು, ಒಡೆದ ಹೆಂಚುಗಳ ಸಂಖ್ಯೆ, ಹಾರಿದ ತಗಡುಗಳ ಸಂಖ್ಯೆ ಮತ್ತು ಅಳತೆ, ಮುರಿದ ಮರದ ಉದ್ದ ದಪ್ಪ, ಇವನ್ನು ಬರೆದು ನೆರೆಯವರಿಬ್ಬರ ರುಜು ಹಾಕಿಸಬೇಕು. ಅಂದೇ ಬರೆದ ಇಂತಹ ಒಂದು ಹಾಳೆಯು ತಿಂಗಳ ಮೇಲೆ ನೆನಪಿನಿಂದ ಬರೆದ ಹತ್ತು ಹಾಳೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಒಡೆದ ಹೆಂಚಿನ ರಾಶಿಯನ್ನೂ ಸುರುಟಿದ ತಗಡನ್ನೂ ಮುರಿದ ಮರವನ್ನೂ ಪರಿಶೀಲನೆ ಮುಗಿಯುವ ತನಕ ಹಿತ್ತಿಲಿನಲ್ಲಿಡತಕ್ಕದ್ದು, ಮಾರಬಾರದು, ಸುಡಬಾರದು.

4. ತಾತ್ಕಾಲಿಕ ದುರಸ್ತಿ

ಹಾನಿಯು ಇನ್ನೂ ಹೆಚ್ಚದಂತೆ ನೋಡಿಕೊಳ್ಳುವುದು ವಿಮೆ ಮಾಡಿಸಿದವನ ಕರ್ತವ್ಯವೂ ಆಗಿದೆ. ಕಂಪೆನಿಯವರು ಬಂದು ನೋಡಲೆಂದು ಮಾಡನ್ನು ತೆರೆದೇ ಬಿಟ್ಟು, ಮುಂದಿನ ಮಳೆಯಿಂದ ಗೋಡೆ ಕುಸಿದರೆ, ಆ ಎರಡನೆಯ ನಷ್ಟದ ವಿಷಯದಲ್ಲಿ ತಕರಾರು ಹುಟ್ಟುವುದು. ಆದ್ದರಿಂದ ಚಿತ್ರಗಳನ್ನು ತೆಗೆದ ಕೂಡಲೆ ಟಾರ್ಪಾಲು ಹೊದಿಸಿ, ಗಾಳಿಗೆ ಹಾರದಂತೆ ಹಗ್ಗದಿಂದ ಕೆಳಗಿನ ಗಟ್ಟಿಯಾದ ಮರಕ್ಕೆ ಬಿಗಿಯಬೇಕು. ಬರಿಯ ಕಲ್ಲು ಹೇರಿ ನಿಲ್ಲಿಸಿದರೆ ಮುಂದಿನ ಗಾಳಿಯಲ್ಲಿ ಕಲ್ಲೇ ಕೆಳಗೆ ಬರುವುದು. ಟಾರ್ಪಾಲು, ಹಗ್ಗ, ಕೂಲಿ, ಎಲ್ಲಕ್ಕೂ ರಶೀದಿಯನ್ನಿಡಬೇಕು. ಪೂರ್ಣ ದುರಸ್ತಿಯನ್ನು ಮಾತ್ರ ಪರಿಶೀಲನೆಗೆ ಮುಂಚೆ ಮಾಡಬಾರದು. ಮಾಡಲೇಬೇಕಾದ ಸಂದರ್ಭ ಬಂದರೆ ಕಂಪೆನಿಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು.

ಇದೇ ಸಮಯದಲ್ಲಿ ಬಿತ್ತನೆಯ ಬೀಜದ ಕಡೆಗೆ ಗಮನವಿರಬೇಕು. ಮುಂಗಾರಿನ ಬಿತ್ತನೆಗೆ ಇಟ್ಟ ರಾಗಿ, ಜೋಳ, ಅವರೆ, ತೊಗರಿಗಳು ನೆನೆದಿದ್ದರೆ, ನೆನೆದುದನ್ನು ಒಣಗಿದುದರಿಂದ ಬೇರ್ಪಡಿಸಿ, ತೆಳುವಾಗಿ ಹರಡಿ ನೆರಳಿನಲ್ಲಿ ಗಾಳಿಗೆ ಆರಿಸಬೇಕು. ಅಂತಹ ಬೀಜದಲ್ಲಿ ನೂರು ಕಾಳನ್ನು ಒದ್ದೆಯ ಗೋಣಿಯಲ್ಲಿ ಸುತ್ತಿಟ್ಟು, ಮೊಳಕೆ ಎಷ್ಟು ಬರುವುದೆಂದು ನೋಡದೆ ಬಿತ್ತಬಾರದು. ನೆನೆದು ಬೂಷ್ಟು ಹಿಡಿದ ಮೇವನ್ನು ದನಗಳಿಗೆ ಹಾಕುವುದು ಅಪಾಯಕರ. ಅದು ಗೊಬ್ಬರದ ಗುಂಡಿಗೆ ಮಾತ್ರ ಯೋಗ್ಯ.

5. ವಿಮೆಯ ಪಾಲಿಸಿಯಲ್ಲಿ ನೋಡತಕ್ಕ ಅಂಶಗಳು

ಮನೆಗೆ ವಿಮೆ ಇದೆಯೇ ಎಂಬುದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಬ್ಯಾಂಕಿನ ಸಾಲದಿಂದ ಮನೆ ಕಟ್ಟಿದ್ದರೆ ಬ್ಯಾಂಕಿನವರೇ ವಿಮೆ ಮಾಡಿಸಿ ಕಂತನ್ನು ಸಾಲದ ಲೆಕ್ಕಕ್ಕೆ ಹಾಕಿರಬಹುದು. ಇದನ್ನು ಬ್ಯಾಂಕಿನಲ್ಲಿ ವಿಚಾರಿಸಿ ಪಾಲಿಸಿಯ ಪ್ರತಿಯನ್ನು ಪಡೆದಿಡತಕ್ಕದ್ದು. ಇಂತಹ ಪಾಲಿಸಿಯಲ್ಲಿ ವಿಮೆಯ ಹಣವು ಮೊದಲು ಬ್ಯಾಂಕಿಗೆ ಸಲ್ಲುವಂತೆ ಷರತ್ತು ಇರುವುದುಂಟು.

ವಾಸದ ಮನೆಗಳಿಗಾಗಿ 2021ನೆಯ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಪಾಲಿಸಿಯು ಆಚರಣೆಗೆ ಬಂದಿತು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಪ್ರವಾಹ, ಭೂಕುಸಿತ, ಮರ ಮುಂತಾದವು ಮೇಲೆ ಬೀಳುವುದು, ಇವುಗಳಿಂದ ಆದ ಹಾನಿಯು ಇದರೊಳಗೆ ಸೇರಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದವನ ಮನೆಯ ಸಾಮಾನುಗಳಿಗೂ, ಕಟ್ಟಡದ ವಿಮಾಮೊತ್ತದ ಶೇಕಡ 20ರಷ್ಟು, 10 ಲಕ್ಷ ರೂಪಾಯಿಗಳ ಮಿತಿಯೊಳಗೆ, ತಾನಾಗಿಯೇ ರಕ್ಷಣೆಯುಂಟು. ಮನೆಯನ್ನು ಪೂರ್ಣಬೆಲೆಗಿಂತ ಕಡಮೆಗೆ ವಿಮೆ ಮಾಡಿಸಿದ್ದರೂ, ಅದೊಂದೇ ಕಾರಣದಿಂದ ಈ ಪಾಲಿಸಿಯಲ್ಲಿ ಕ್ಲೈಮಿನ ಹಣವನ್ನು ತಗ್ಗಿಸುವುದಿಲ್ಲ. ಆದರೆ ವಿಮಾಮೊತ್ತಕ್ಕಿಂತ ಹೆಚ್ಚಾಗಿ ಕೊಡುವುದೂ ಇಲ್ಲ. ಅವಶೇಷಗಳನ್ನು ತೆಗೆದುಹಾಕುವ ವೆಚ್ಚಕ್ಕಾಗಿ ಕ್ಲೈಮಿನ ಶೇಕಡ 2ರ ವರೆಗೆ ದೊರೆಯುವುದು.

ಎಲ್ಲ ಪಾಲಿಸಿಗಳಲ್ಲಿಯೂ ಈ ಅನುಕೂಲವಿರುವುದಿಲ್ಲ. ಕೆಲವು ಪಾಲಿಸಿಗಳಲ್ಲಿ ವಿಮಾಮೊತ್ತವು ಎಷ್ಟು ಪಾಲು ಕಡಮೆಯೋ ಅಷ್ಟು ಪಾಲು ಕ್ಲೈಮನ್ನೂ ಕಡಮೆ ಮಾಡುವರು. ಉದಾಹರಣೆಗೆ, 4 ಲಕ್ಷ ರೂಪಾಯಿ ಬೆಲೆಯ ಉಗ್ರಾಣವನ್ನು 2 ಲಕ್ಷಕ್ಕೆ ವಿಮೆ ಮಾಡಿಸಿದ್ದು, ಗಾಳಿಯಿಂದ 60,000 ರೂಪಾಯಿ ನಷ್ಟವಾಯಿತೆಂದು ಇಟ್ಟುಕೊಳ್ಳೋಣ. ನಷ್ಟವು ವಿಮಾಮೊತ್ತದೊಳಗೇ ಇದ್ದರೂ, ಬೆಲೆಯ ಅರ್ಧಕ್ಕೆ ಮಾತ್ರ ವಿಮೆಯಿದ್ದುದರಿಂದ 30,000 ರೂಪಾಯಿ ಮಾತ್ರ ಸಿಕ್ಕುವುದು. ಕಂತಿನಲ್ಲಿ ಉಳಿಸಿದ ಸ್ವಲ್ಪ ಹಣಕ್ಕಾಗಿ ಇಷ್ಟು ಕಳೆದುಕೊಳ್ಳುವುದು ಜಾಣತನವಲ್ಲ. ಇದಲ್ಲದೆ ಪ್ರತಿ ನಷ್ಟದಲ್ಲಿಯೂ ಮೊದಲ ಒಂದು ಭಾಗವನ್ನು ಮಾಲೀಕನೇ ಹೊರಬೇಕೆಂಬ ಷರತ್ತು ಕೆಲವು ಪಾಲಿಸಿಗಳಲ್ಲಿರುವುದು; ಅದನ್ನೂ ಓದಿ ತಿಳಿಯಬೇಕು.

ದನದ ಕೊಟ್ಟಿಗೆ, ಅಡಿಕೆ ಒಣಗಿಸುವ ಚಪ್ಪರ, ರೇಷ್ಮೆ ಹುಳುವಿನ ಮನೆ, ಪಂಪಿನ ಮನೆ, ಉಗ್ರಾಣ, ಇವು ವಾಸದ ಮನೆಯ ಪಾಲಿಸಿಯಲ್ಲಿ ತಾವಾಗಿಯೇ ಸೇರಿವೆಯೆಂದು ನಂಬಿ ಕೂರಬಾರದು. ಪ್ರತಿಯೊಂದನ್ನೂ ಹೆಸರು ಹಿಡಿದು ಪಾಲಿಸಿಯಲ್ಲಿ ಬರೆಯಿಸಬೇಕು. ಹಾಗೆಯೇ ಗೋಡೆ ಮತ್ತು ಮಾಡು ಯಾವುದರಿಂದ ಆಗಿದೆಯೆಂಬುದನ್ನು ಇದ್ದದ್ದು ಇದ್ದಂತೆ ತಿಳಿಸಬೇಕು. ಹುಲ್ಲು, ಸೋಗೆ, ಬಿದಿರಿನ ಹೊದಿಕೆಯನ್ನು ಮರೆಮಾಚಿ ಹೆಂಚೆಂದು ಬರೆಯಿಸಿದರೆ ಕ್ಲೈಮಿನ ಕಾಲದಲ್ಲಿ ಅದೇ ಮುಳುವಾಗುವುದು.

ವಿಮೆಯು ಹಠಾತ್ತಾಗಿ ಬಂದ ಹಾನಿಗೆ ಹೊರತು ಹಳತಾಗುವಿಕೆಗೆ ಅಲ್ಲ. ಹತ್ತು ವರ್ಷಗಳಿಂದ ಸೋರುತ್ತಿದ್ದ ಮಾಡು, ಗೆದ್ದಲು ತಿಂದ ಪಕಾಸಿ, ತುಕ್ಕು ಹಿಡಿದ ತಗಡು, ಇವುಗಳ ಬೆಲೆಯನ್ನು ಬಿರುಗಾಳಿಯ ಲೆಕ್ಕಕ್ಕೆ ಹಾಕಲಾಗುವುದಿಲ್ಲ. ಪ್ರತಿ ವರ್ಷವೂ ಯುಗಾದಿಯ ಹೊತ್ತಿಗೆ ಮಾಡಿನ ಕೈಯಾಡಿಸಿ, ಆಗ ಒಂದೆರಡು ಚಿತ್ರಗಳನ್ನು ತೆಗೆದಿಟ್ಟವನು, ಗಾಳಿಗೆ ಮೊದಲು ತನ್ನ ಮಾಡು ಸುಸ್ಥಿತಿಯಲ್ಲಿತ್ತೆಂದು ಸುಲಭವಾಗಿ ತೋರಿಸಬಲ್ಲನು.

6. ಕ್ಲೈಮನ್ನು ಸಲ್ಲಿಸುವ ಕ್ರಮ

ಹಾನಿಯಾದುದನ್ನು ಕಂಪೆನಿಗೆ ಒಡನೆಯೇ ತಿಳಿಸಬೇಕು. ದೂರವಾಣಿಯಲ್ಲಿ ತಿಳಿಸಿದರೆ ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಬೇಕು. ಕಚೇರಿಗೆ ಅರ್ಜಿ ಕೊಟ್ಟರೆ ಎರಡನೆಯ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ, ಹಾನಿಯನ್ನು ಮೊದಲು ಕಂಡ ದಿನದಿಂದ 30 ದಿನಗಳೊಳಗಾಗಿ ಕ್ಲೈಮಿನ ನಮೂನೆಯನ್ನು ತುಂಬಿ ಒಪ್ಪಿಸತಕ್ಕದ್ದು.

ಅರ್ಜಿಯೊಡನೆ ಇಡಬೇಕಾದ ಕಾಗದಪತ್ರಗಳು ಸಾಮಾನ್ಯವಾಗಿ ಇವು: ಪಾಲಿಸಿಯ ಪ್ರತಿ, ಮನೆಯ ಸ್ವತ್ತಿನ ದಾಖಲೆ, ಎಂದರೆ ಗ್ರಾಮ ಪಂಚಾಯಿತಿಯ ನಮೂನೆ 9 ಮತ್ತು 11, ಹಾಗೂ ಮನೆಗಂದಾಯದ ರಶೀದಿ, ಹಾನಿಯ ಚಿತ್ರಗಳು, ಗಾರೆ ಕೆಲಸದವನು ಅಥವಾ ಬಡಗಿಯು ಬರೆದುಕೊಟ್ಟ ದುರಸ್ತಿಯ ಅಂದಾಜುಪಟ್ಟಿ, ತಾತ್ಕಾಲಿಕ ದುರಸ್ತಿಯ ರಶೀದಿಗಳು, ಕಂದಾಯ ಇಲಾಖೆಯವರು ಮಹಜರು ಮಾಡಿದ್ದರೆ ಅದರ ಪ್ರತಿ, ಬ್ಯಾಂಕಿನ ಪಾಸ್ ಪುಸ್ತಕದ ಪ್ರತಿ. ಅಂದಾಜುಪಟ್ಟಿಯಲ್ಲಿ ಒಟ್ಟು ಮೊತ್ತವನ್ನು ಮಾತ್ರ ಬರೆಯದೆ ಹೆಂಚು, ನೆತ್ತಿಯ ಹೆಂಚು, ರೀಪು, ಪಕಾಸಿ, ಬೋಲ್ಟು, ಕೂಲಿ, ಸಾಗಣೆ, ಎಂದು ಬಾಬುವಾರು ಬರೆಯಿಸಬೇಕು.

ಸ್ವಲ್ಪ ದೊಡ್ಡ ನಷ್ಟವಾದರೆ ಕಂಪೆನಿಯು ಸರ್ವೇಯರನ್ನು ನೇಮಿಸುವುದು. ಇವನು ಜಮೀನು ಅಳೆಯುವ ಸರ್ವೇಯರಲ್ಲ. ನಷ್ಟವನ್ನು ಪರೀಕ್ಷಿಸಿ ವರದಿ ಮಾಡಲು ಪರವಾನಗಿ ಪಡೆದವನು. ಇವನ ಸಂಬಳವನ್ನು ಕಂಪೆನಿಯೇ ಕೊಡುವುದು. ಮನೆಯವರು ಏನನ್ನೂ ಕೊಡಬೇಕಾದುದಿಲ್ಲ. ಇವನು ಬಂದಾಗ ಮನೆಯ ಯಜಮಾನನೇ ಜೊತೆಗಿದ್ದು, ಹಾನಿಯಾದ ಪ್ರತಿಯೊಂದು ಭಾಗವನ್ನೂ ತೋರಿಸಬೇಕು. ಕೇಳಿದ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಕೊಡಬೇಕು. ಹತ್ತು ಹೆಂಚು ಹೋದಲ್ಲಿ ನೂರೆಂದು ಹೇಳಿದವನ ನಿಜವಾದ ಹತ್ತು ಹೆಂಚಿನ ಮಾತೂ ಅನುಮಾನಕ್ಕೆ ಗುರಿಯಾಗುವುದು. ಸುಳ್ಳು ಕ್ಲೈಮು ಪೂರ್ತಿಯಾಗಿ ಬಿದ್ದುಹೋಗಬಹುದು. ಬರಿಯ ಕಾಗದಕ್ಕೆ ರುಜು ಹಾಕಿಕೊಡಬಾರದು. ಪೂರ್ಣ ಮತ್ತು ಅಂತಿಮ ಒಪ್ಪಿಗೆಯೆಂದು ಬರೆದ ರಶೀದಿಗೆ, ಮೊತ್ತವನ್ನು ನೋಡಿ ಒಪ್ಪಿದ ಮೇಲೆಯೇ ರುಜು ಮಾಡತಕ್ಕದ್ದು.

ಕಂಪೆನಿಯ ತೀರ್ಮಾನವು ಅನ್ಯಾಯವೆಂದು ತೋರಿದರೆ ಅದರ ಕಾರಣವನ್ನು ಬರವಣಿಗೆಯಲ್ಲಿ ಕೇಳಬೇಕು. ದಾಖಲೆಗಳು ಇಲ್ಲವೆಂಬ ಕಾರಣದಿಂದಲೇ ಕ್ಲೈಮನ್ನು ತಳ್ಳಿಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ನೆಯ ಜೂನ್ ತಿಂಗಳ ಸುತ್ತೋಲೆಯಲ್ಲಿ ಕಂಪೆನಿಗಳಿಗೆ ಆಜ್ಞಾಪಿಸಿತು. ಮೊದಲು ಕಂಪೆನಿಯ ಕುಂದುಕೊರತೆಯ ಅಧಿಕಾರಿಗೆ ದೂರು ಬರೆಯಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರವು ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ನರಿಗೆ ದೂರು ಸಲ್ಲಿಸಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಈ ಕಚೇರಿಯು ಬೆಂಗಳೂರಿನಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಆದರೆ ಒಂದು ವರ್ಷದ ಅವಧಿಯನ್ನು ಮೀರಗೊಡಬಾರದು.

7. ಸರ್ಕಾರದ ನೆರವು

ವಿಮೆಯಿಲ್ಲದ ಬಡವರಿಗೆ ಸರ್ಕಾರದ ವಿಪತ್ತು ನೆರವೇ ಆಧಾರ. ಇದು ನಷ್ಟದ ಪೂರ್ಣ ಪರಿಹಾರವಲ್ಲ, ಆ ಗಳಿಗೆಯ ಆಸರೆ ಮಾತ್ರವೆಂಬುದನ್ನು ತಿಳಿದಿರಬೇಕು. 2022-23ರಿಂದ 2025-26ರ ವರೆಗಿನ ಅವಧಿಗೆ ಕೇಂದ್ರ ಸರ್ಕಾರವು ಗೊತ್ತುಮಾಡಿದ ದರಗಳು ಹೀಗಿದ್ದವು: ಪೂರ್ತಿಯಾಗಿ ಅಥವಾ ತೀವ್ರವಾಗಿ ಹಾಳಾದ ಮನೆಗೆ ಬಯಲುಸೀಮೆಯಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000 ರೂಪಾಯಿ, ಶೇಕಡ 15ಕ್ಕೆ ಕಡಮೆಯಿಲ್ಲದಂತೆ ಭಾಗಶಃ ಹಾಳಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ, ಗುಡಿಸಲಿಗೆ 8,000 ರೂಪಾಯಿ, ಮನೆಗೆ ಸೇರಿದ ದನದ ಕೊಟ್ಟಿಗೆಗೆ 3,000 ರೂಪಾಯಿ. ಮುಂದಿನ ಅವಧಿಯ ದರಗಳನ್ನೂ, ರಾಜ್ಯ ಸರ್ಕಾರವು ಹೆಚ್ಚಿಗೆ ಏನಾದರೂ ಸೇರಿಸಿದ್ದರೆ ಅದನ್ನೂ, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ತಿಳಿಯಬೇಕು.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಶೇಕಡ 15 ಎಂಬುದು ಮಾಡಿನ ಲೆಕ್ಕ ಮಾತ್ರವಲ್ಲ, ಮನೆಯ ಹಾನಿಯ ಲೆಕ್ಕ. ತೊಲೆ ಬಿದ್ದು ಗೋಡೆ ಬಿರಿದಿದ್ದರೆ, ನೀರಿಳಿದು ಮಣ್ಣಿನ ಗೋಡೆ ಕರಗಿದ್ದರೆ, ಅದನ್ನೂ ಮಹಜರಿನಲ್ಲಿ ಬರೆಯಿಸದಿದ್ದರೆ ಹಾನಿಯು ಮಿತಿಯ ಕೆಳಗೆ ಉಳಿದು ನೆರವು ತಪ್ಪಿಹೋಗಬಹುದು. ಎರಡನೆಯದಾಗಿ, ಆ ಅವಧಿಯ ಕೇಂದ್ರದ ಪಟ್ಟಿಯಲ್ಲಿ ಚಂಡಮಾರುತ, ಪ್ರವಾಹ, ಆಲಿಕಲ್ಲು ಮಳೆ, ಮೇಘಸ್ಫೋಟ, ಭೂಕುಸಿತ ಮುಂತಾದ ವಿಪತ್ತುಗಳ ಹೆಸರುಗಳಿದ್ದುವೇ ಹೊರತು ಗುಡುಗುಮಳೆಯ ಬಿರುಗಾಳಿಯೆಂಬ ಬೇರೆ ಹೆಸರಿರಲಿಲ್ಲ. ಸ್ಥಳೀಯ ವಿಪತ್ತುಗಳನ್ನು ರಾಜ್ಯವು ತಾನೇ ಘೋಷಿಸಿ ನಿಧಿಯ ಶೇಕಡ 10ರ ವರೆಗೆ ವೆಚ್ಚ ಮಾಡಲು ಅವಕಾಶವಿತ್ತು. ಆದುದರಿಂದ ಗಾಳಿಯ ಜೊತೆಗೆ ಆಲಿಕಲ್ಲು ಬಿದ್ದಿದ್ದರೆ ಆ ಸಂಗತಿಯು ಮಹಜರಿನಲ್ಲಿ ತಪ್ಪದೆ ದಾಖಲಾಗಬೇಕು. ಬೀಳದಿದ್ದರೆ ಬಿದ್ದಿತೆಂದು ಬರೆಯಿಸಕೂಡದು.

ಅರ್ಜಿಯನ್ನು ಗ್ರಾಮ ಆಡಳಿತಾಧಿಕಾರಿಯ ಮೂಲಕ ತಹಸೀಲ್ದಾರರಿಗೆ ಸಲ್ಲಿಸಬೇಕು. ಮನೆಯು ಅಧಿಕೃತವಾದುದೆಂಬ ದಾಖಲೆಯೂ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯೂ ಬೇಕಾಗುವುದು. ಎಷ್ಟೋ ಮನೆಗಳ ಖಾತೆಯು ತೀರಿಹೋದ ತಂದೆಯ ಅಥವಾ ತಾತನ ಹೆಸರಿನಲ್ಲಿಯೇ ಉಳಿದಿರುವುದು. ಪೌತಿ ಖಾತೆಯನ್ನು ಬಿಸಿಲುಕಾಲದ ಬಿಡುವಿನಲ್ಲಿ ಮಾಡಿಸಿಕೊಳ್ಳದವರು ಮಳೆಗಾಲದಲ್ಲಿ ಕಚೇರಿಗೆ ಅಲೆಯಬೇಕಾಗುವುದು.

8. ಬೆಳೆ ಮತ್ತು ಜಾನುವಾರು

ಬೆಳೆ ವಿಮೆಯು ಮನೆಯ ಹಾನಿಯನ್ನು ತುಂಬುವುದಿಲ್ಲ. ಮನೆಯ ವಿಮೆಯು ಬೆಳೆಯ ಹಾನಿಯನ್ನು ತುಂಬುವುದಿಲ್ಲ. ಒಂದೇ ಗಾಳಿಯಲ್ಲಿ ಎರಡೂ ಕೆಟ್ಟರೆ ಎರಡು ಬೇರೆ ಬೇರೆ ಅರ್ಜಿಗಳು ಬೇಕು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಪತ್ತಿನಿಂದ ಬೆಳೆ ಕೆಟ್ಟರೂ, ಕೊಯ್ದು ಹೊಲದಲ್ಲಿ ಹರಡಿದ ಬೆಳೆಯು 14 ದಿನಗಳೊಳಗೆ ಅಕಾಲ ಮಳೆಯಿಂದ ಕೆಟ್ಟರೂ, 72 ಗಂಟೆಗಳೊಳಗೆ ವಿಮಾ ಕಂಪೆನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕೆಂದು ನಿಯಮವನ್ನಿಟ್ಟರು. ಮನೆಯ ಗಡಿಬಿಡಿಯಲ್ಲಿ ಈ ಮೂರು ದಿನಗಳು ಕಳೆದುಹೋಗದಂತೆ ನೋಡಿಕೊಳ್ಳಬೇಕು.

ವಿಮೆಯಿದ್ದ ಹಸು ಎಮ್ಮೆಗಳು ಕೊಟ್ಟಿಗೆ ಬಿದ್ದು ಸತ್ತರೆ, ಪಶುವೈದ್ಯರು ನೋಡುವ ತನಕ ಹೂಳಬಾರದು. ಕಿವಿಯಲ್ಲಿರುವ ಗುರುತಿನ ಬಿಲ್ಲೆಯನ್ನು ಕಳೆಯಬಾರದು. ಬಿಲ್ಲೆಯಿಲ್ಲದಿದ್ದರೆ ಕ್ಲೈಮು ನಿಲ್ಲುವುದು ಕಷ್ಟ.

9. ಗ್ರಾಮದ ಮುಖಂಡರ ಕರ್ತವ್ಯ

ಹಿಂದಿನ ಕಾಲದಲ್ಲಿ ಪಟೇಲರೂ ಶಾನುಭೋಗರೂ ಊರ ನಷ್ಟದ ಪಟ್ಟಿಯನ್ನು ಬರೆಯುತ್ತಿದ್ದರು. 1961ನೆಯ ಕಾಯಿದೆಯಿಂದ ಆ ವಂಶಪಾರಂಪರ್ಯದ ಹುದ್ದೆಗಳು ರದ್ದಾದುವು. ಆದರೆ ಊರಿನ ಮಾತು ನಡೆಸುವವರ ಹೊಣೆ ರದ್ದಾಗಲಿಲ್ಲ. ಗಾಳಿ ನಿಂತ ಮರುದಿನ ಬೆಳಗ್ಗೆ ಪಂಚಾಯಿತಿಯ ಸದಸ್ಯರೂ ಹಿರಿಯರೂ ಕೂಡಿ ಬೀದಿಬೀದಿಯನ್ನೂ ನೋಡಿ ಒಂದು ಪಟ್ಟಿಯನ್ನು ಮಾಡಬೇಕು. ಮನೆಯ ಸಂಖ್ಯೆ, ಯಜಮಾನರ ಹೆಸರು, ಮಾಡಿನ ಬಗೆ, ಹಾನಿಯ ವಿವರ, ಪೆಟ್ಟಾದವರು, ಸತ್ತ ಜಾನುವಾರು, ಇವು ಅದರಲ್ಲಿರಬೇಕು.

ಊರಾಚೆಯ ಕೇರಿ, ತೋಟದ ಮನೆ, ಕೂಲಿಯವರ ಗುಡಿಸಲು, ಇವು ಪಟ್ಟಿಯಿಂದ ಬಿಟ್ಟುಹೋಗದಂತೆ ವಿಶೇಷವಾಗಿ ಗಮನಿಸಬೇಕು. ಒಂಟಿ ವಿಧವೆಯರೂ ಮುದುಕರೂ ಕಚೇರಿಗೆ ಹೋಗಲಾರರು. ದುಡಿಮೆಗೆಂದು ಪರಊರಿಗೆ ಹೋದವರು ಹಾನಿಯನ್ನೇ ತಿಳಿದಿರಲಾರರು. ಇಂತಹವರ ಪರವಾಗಿ ಅರ್ಜಿ ಬರೆದುಕೊಡುವುದಕ್ಕಿಂತ ಮಿಗಿಲಾದ ಊರ ಸೇವೆ ಆ ದಿನ ಮತ್ತೊಂದಿಲ್ಲ. ಪಟ್ಟಿಯಲ್ಲಿ ಪಕ್ಷಪಾತವಿದ್ದರೆ ಒಬ್ಬರ ಸುಳ್ಳಿನಿಂದ ಊರಿನ ಎಲ್ಲ ಅರ್ಜಿಗಳೂ ಮರುಪರಿಶೀಲನೆಗೆ ಬಿದ್ದು ತಡವಾಗುವುವು.

10. ಮಾಡನ್ನು ಪುನಃ ಕಟ್ಟುವಾಗ

ಹಾರಿಹೋದ ಮಾಡನ್ನು ಮೊದಲಿನಂತೆಯೇ ಕಟ್ಟಿದರೆ ಅದು ಮತ್ತೊಮ್ಮೆ ಹಾರುವುದು. ಕೆಳಗಿನ ಅಂಶಗಳಿಗೆ ಹೆಚ್ಚು ವೆಚ್ಚವಿಲ್ಲ:

ಗೋಡೆಯ ಮೇಲಿನ ಅಡ್ಡಮರವನ್ನು ಕಬ್ಬಿಣದ ಪಟ್ಟಿಯಿಂದ ಗೋಡೆಯೊಳಕ್ಕೆ ಬಿಗಿಯಬೇಕು. ಬರಿದೆ ಇಟ್ಟ ಮರವು ಮಾಡಿನೊಡನೆ ಏಳುವುದು. ಪಕಾಸಿಗಳನ್ನು ಆ ಅಡ್ಡಮರಕ್ಕೆ ಪಟ್ಟಿಯಿಂದ ಕಟ್ಟಬೇಕು; ಮೊಳೆಯೊಂದೇ ಸಾಲದು. ತಗಡುಗಳಿಗೆ ಕೊಕ್ಕೆಯ ಬೋಲ್ಟನ್ನೂ ಅಗಲವಾದ ವಾಷರನ್ನೂ ಹಾಕಿ, ಅಂಚು, ಮೂಲೆ, ನೆತ್ತಿಗಳಲ್ಲಿ ಬೋಲ್ಟುಗಳನ್ನು ಒತ್ತಾಗಿ ಹಾಕಬೇಕು. ಹೆಂಚಿನ ಮಾಡಿನಲ್ಲಿ ಸೂರಿನ ಸಾಲುಗಳನ್ನು ತಂತಿಯಿಂದ ರೀಪಿಗೆ ಕಟ್ಟಿ, ನೆತ್ತಿಯ ಹೆಂಚುಗಳನ್ನು ಗಾರೆಯಲ್ಲಿ ಕೂರಿಸಬೇಕು. ಸೂರನ್ನು ಗೋಡೆಯಿಂದ ಒಂದೂವರೆ ಅಡಿಗಿಂತ ಬಹಳ ಹೊರಕ್ಕೆ ಚಾಚಬಾರದು. ತೀರ ಚಪ್ಪಟೆಯಾದ ಮಾಡಿಗೆ ಸೆಳೆತವು ಹೆಚ್ಚು. ತಕ್ಕಷ್ಟು ಇಳುಕಲು ಬಿಡಬೇಕು. ತೆರೆದ ಕೊಟ್ಟಿಗೆಯ ಬಾಯಿಯು ಗಾಳಿ ಬರುವ ದಿಕ್ಕಿಗಿರಬಾರದು. ಮನೆಯ ಮೇಲೆ ಚಾಚಿದ ಒಣಕೊಂಬೆಗಳನ್ನು ಶಿವರಾತ್ರಿ ಕಳೆದೊಡನೆ ಸವರಿಸಬೇಕು.

11. ಸಾರಾಂಶ

ಮೊದಲು ಪ್ರಾಣ, ಬಳಿಕ ಚಿತ್ರ, ಆಮೇಲೆ ಟಾರ್ಪಾಲು, ಅಂದೇ ಕಂಪೆನಿಗೂ ಗ್ರಾಮ ಆಡಳಿತಾಧಿಕಾರಿಗೂ ಸುದ್ದಿ. ಪರಿಶೀಲನೆಯಾದ ಮೇಲೆ ದುರಸ್ತಿ. ದುರಸ್ತಿಯಲ್ಲಿ ಮೊದಲಿಗಿಂತ ಬಿಗಿಯಾದ ಕಟ್ಟು. ಪಾಲಿಸಿ, ನಮೂನೆ 9 ಮತ್ತು 11, ಕಂದಾಯದ ರಶೀದಿ, ಪಾಸ್ ಪುಸ್ತಕ, ಇವುಗಳ ಪ್ರತಿಗಳನ್ನು ನೀರು ತಾಗದ ಚೀಲದಲ್ಲಿಟ್ಟು, ಮತ್ತೊಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ನಂಟರ ಮನೆಯಲ್ಲಿಡುವುದು ಒಳ್ಳೆಯದು. ಕಾಗದವೆಲ್ಲ ಮಾಡಿನೊಡನೆ ಹಾರಿಹೋದರೆ ಹಕ್ಕನ್ನು ಸ್ಥಾಪಿಸುವುದು ಪ್ರಯಾಸವಾಗುವುದು. ರೈತರು ಈ ಸೂಚನೆಗಳನ್ನು ಅಶ್ವಿನಿ ಮಳೆಗೆ ಮುಂಚೆಯೇ ಮನೆಯವರಿಗೆಲ್ಲ ಓದಿ ಹೇಳಬೇಕೆಂದೂ, ಓದುಬಾರದ ನೆರೆಯವರಿಗೆ ಬಲ್ಲವರು ತಿಳಿಯಹೇಳಬೇಕೆಂದೂ ಕೋರಲಾಗಿದೆ.